ಮಗ ಪರ್ಸಿ ಜಾಕ್ಸನ್ ಬಿಟ್ಟು ಬೇರೇನೂ ಓದುತ್ತಿಲ್ಲ: ಈ ಗ್ರೀಕ್ ದೇವರುಗಳ ಸಹವಾಸ ಸರಿಯಾ?

ಪ್ರಶ್ನೆ: ನನ್ನ ಮಗನಿಗೆ 11 ವರ್ಷ, ಆರನೇ ತರಗತಿ. ಮೊದಲೆಲ್ಲ ಪುಸ್ತಕ ಕಂಡರೆ ಓಡುತ್ತಿದ್ದ. ಕಳೆದ ಬೇಸಿಗೆ ರಜೆಯಲ್ಲಿ ಯಾರೋ ಗ್ರೀಕ್ ದೇವರುಗಳ ಕಥೆಯಿರುವ ಪರ್ಸಿ ಜಾಕ್ಸನ್ ಪುಸ್ತಕ ಕೊಟ್ಟರು. ಈಗ ಊಟದ ತಟ್ಟೆ ಮುಂದೆಯೂ ಅದೇ. ಓದುತ್ತಾನಲ್ಲ ಅಂತ ಖುಷಿಯೇ. ಆದರೆ ನಾನೂ ಒಂದಿಷ್ಟು ಓದಿದೆ, ನೆಟ್‌ನಲ್ಲಿ ಹುಡುಕಿದೆ. ಅಪ್ಪನೇ ಮಕ್ಕಳನ್ನು ನುಂಗುತ್ತಾನೆ, ಅಕ್ಕನನ್ನೇ ಮದುವೆಯಾಗುತ್ತಾನೆ ತಮ್ಮ, ದೇವರುಗಳ ರಾಜ ಕಂಡವರ ಹೆಂಡತಿಯರ ಹಿಂದೆ ಬೀಳುತ್ತಾನೆ. ಇದು ಮಕ್ಕಳು ಓದುವಂಥದ್ದಾ? ಶಾಲೆಯ ಪ್ರಾಜೆಕ್ಟಿನಲ್ಲಿ ‘ಅಥೀನಾ ದೇವಿಗೆ ಅನಬೆತ್ ಎಂಬ ಮಗಳಿದ್ದಳು’ ಎಂದು ಬರೆದು ಟೀಚರ್ ಹತ್ತಿರ ತಪ್ಪು ಹಾಕಿಸಿಕೊಂಡ. ‘ಪುಸ್ತಕದಲ್ಲೇ ಇದೆ’ ಎಂದು ಅವನ ವಾದ. ನಮ್ಮ ಅತ್ತೆಯವರ ಬೇಸರ ಬೇರೆ: ಗ್ರೀಕರ ಮುಖ್ಯ ದೇವರುಗಳಾದ ಹನ್ನೆರಡು ಒಲಿಂಪಿಯನ್ನರ ಹೆಸರು ಪಟಪಟ ಹೇಳುವ ಹುಡುಗನಿಗೆ ನಕುಲ ಸಹದೇವರ ತಾಯಿ ಯಾರು ಅಂತ ಗೊತ್ತಿಲ್ಲ. ಮೊನ್ನೆ ಕಾಲೇಜಿಗೆ ಹೋಗುವ ಅವನ ದೊಡ್ಡಪ್ಪನ ಮಗಳು ‘ನಿಂಗೆ ಗ್ರೀಕ್ ಇಷ್ಟ ಅಲ್ವಾ’ ಅಂತ ‘ಸರ್ಸಿ’ ಎಂಬ ಕಾದಂಬರಿ ಕೊಟ್ಟಿದ್ದಾಳೆ. ಅದೂ ಇದೇ ಸರಣಿಯಾ? ಓದಲು ಬಿಡಲಾ, ಬೇಡವಾ?
— ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನಿಮ್ಮ ಪತ್ರದಲ್ಲಿ ತುರ್ತಿನದು ಅಂದರೆ ಅದೊಂದೇ. ‘ಸರ್ಸಿ’ ಈಗ ಬೇಡ. ಅದು ಪರ್ಸಿ ಜಾಕ್ಸನ್ ಸರಣಿಯದಲ್ಲ. ಮ್ಯಾಡೆಲಿನ್ ಮಿಲ್ಲರ್ ಎಂಬ ಅಮೆರಿಕದ ಲೇಖಕಿ 2018ರಲ್ಲಿ ದೊಡ್ಡವರಿಗಾಗಿ ಬರೆದ ಕಾದಂಬರಿ. ಒಳ್ಳೆಯ ಪುಸ್ತಕವೇ. ಆದರೆ ದ್ವೀಪದಲ್ಲಿ ಒಂಟಿಯಾಗಿರುವ ಮಾಟಗಾತಿ ಸರ್ಸಿ ಹಸಿದು ಬಂದ ನಾವಿಕರಿಗೆ ಊಟ ಹಾಕುತ್ತಾಳೆ, ಅವರ ನಾಯಕ ಅವಳ ಮೇಲೆ ಅತ್ಯಾಚಾರ ಮಾಡುತ್ತಾನೆ. ಗಂಡಸರನ್ನು ಹಂದಿ ಮಾಡುವ ಅವಳ ಮಾಟಕ್ಕೆ ಈ ಕಾದಂಬರಿ ಕೊಡುವ ಕಾರಣವೇ ಅದು. 11 ವರ್ಷದ ಹುಡುಗ ಇದನ್ನು ಒಬ್ಬನೇ ಕೂತು ಓದುವುದು ಬೇಡ.

ಆ ಹುಡುಗಿಯದೂ ತಪ್ಪಲ್ಲ. ನಾನು ಮಕ್ಕಳ ಲೈಬ್ರರಿಗೆ ಪುಸ್ತಕ ಆರಿಸುವ ಕೆಲಸ ಮಾಡುವವಳು. ಈ ಗೊಂದಲವನ್ನು ಆಗಾಗ ನೋಡುತ್ತೇನೆ. ಅಂಗಡಿಗಳಲ್ಲಿ ‘ಗ್ರೀಕ್ ಪುರಾಣ’ ಅಂದರೆ ಎಲ್ಲ ಒಂದೇ ಕಪಾಟು. ಬಣ್ಣದ ಮುಖಪುಟ, ಚಿನ್ನದ ಅಕ್ಷರ, ಮೇಲೊಂದು ದೇವತೆಯ ಹೆಸರು. ಒಂಬತ್ತು ವರ್ಷದವರಿಗೆ ಬರೆದದ್ದೂ ಹಾಗೇ ಕಾಣುತ್ತದೆ, ಹತ್ತೊಂಬತ್ತರವರಿಗೆ ಬರೆದದ್ದೂ ಹಾಗೇ. ಈ ವಿಷಯದಲ್ಲಿ ನಿಜವಾದ ಅಪಾಯ ಅಂತ ಇದ್ದರೆ ಇಲ್ಲಿದೆ. ಮಕ್ಕಳಿಗಾಗಿಯೇ ಬರೆದ ಪುಸ್ತಕದಲ್ಲಿ ಅಷ್ಟಾಗಿ ಇಲ್ಲ.

ಈಗ ಮೊದಲಿನಿಂದ ನೋಡೋಣ.

‘ಇಂಥ ದೇವರ ಕಥೆ ಮಕ್ಕಳಿಗೆ ಹೇಳಬಹುದಾ’ ಅನ್ನುವ ಚಿಂತೆ ನಿಮ್ಮೊಬ್ಬರದಲ್ಲ. ಗ್ರೀಕರಿಗೇ ಇತ್ತು. ಸುಮಾರು 2,400 ವರ್ಷದ ಹಿಂದೆ ತತ್ವಜ್ಞಾನಿ ಪ್ಲೇಟೋ ತನ್ನ ‘ರಿಪಬ್ಲಿಕ್’ನಲ್ಲಿ ತಾಯಂದಿರು, ದಾದಿಯರು ಮಕ್ಕಳಿಗೆ ಯಾವ ಕಥೆ ಹೇಳಬೇಕು ಅನ್ನುವುದನ್ನು ಮೊದಲೇ ಆರಿಸಿ ಕೊಡಬೇಕು ಅಂತ ಬರೆದ. ದೇವರುಗಳ ರಾಜ ಜೀಯಸ್‌ನ ಅಪ್ಪ ಕ್ರೋನಸ್ ತನ್ನ ಅಪ್ಪನಿಗೆ ಮಾಡಿದ್ದು, ತನ್ನ ಮಕ್ಕಳಿಗೆ ಮಾಡಿದ್ದು, ಇವೆಲ್ಲ ಒಂದು ವೇಳೆ ನಿಜವೇ ಆಗಿದ್ದರೂ ಎಳೆಯರ ಕಿವಿಗೆ ಹಾಕಬಾರದು ಅಂದ. ಅವನಿಗೂ ಮೊದಲು ಕ್ಸೆನೋಫನೀಸ್ ಎಂಬ ಕವಿ, ಹಳೆಯ ಕವಿಗಳಾದ ಹೋಮರ್ ಮತ್ತು ಹೆಸಿಯಡ್ ಸೇರಿ ಕಳ್ಳತನ, ಹಾದರ, ಮೋಸ ಎಲ್ಲವನ್ನೂ ದೇವರ ತಲೆಗೆ ಕಟ್ಟಿದ್ದಾರೆ ಅಂತ ಬೈದಿದ್ದ. ನಿಮ್ಮ ಪತ್ರ ಸಿಕ್ಕಿದ್ದರೆ ಪ್ಲೇಟೋ ಎರಡನೇ ಯೋಚನೆಯಿಲ್ಲದೆ ನಿಮ್ಮ ಪರ ನಿಲ್ಲುತ್ತಿದ್ದ.

ನಾನು ಪೂರ್ತಿ ಅವನ ಪರ ಇಲ್ಲ. ಕ್ರೋನಸ್ ಮಕ್ಕಳನ್ನು ನುಂಗಿದ್ದನ್ನೇ ತೆಗೆದುಕೊಳ್ಳಿ. ನಿನ್ನ ಮಗನೇ ನಿನ್ನ ಪಟ್ಟ ಕೀಳುತ್ತಾನೆ ಎಂಬ ಭವಿಷ್ಯ. ಆ ಹೆದರಿಕೆಗೆ ಹುಟ್ಟಿದ ಹುಟ್ಟಿದ ಕೂಸನ್ನು ನುಂಗುತ್ತಾ ಹೋಗುತ್ತಾನೆ. ಕೊನೆಯವನು ಜೀಯಸ್. ತಾಯಿ ರಿಯಾ ಬಟ್ಟೆಯಲ್ಲಿ ಕಲ್ಲು ಸುತ್ತಿ ಕೊಡುತ್ತಾಳೆ, ಕೂಸನ್ನು ಕ್ರೀಟ್ ದ್ವೀಪದಲ್ಲಿ ಬಚ್ಚಿಡುತ್ತಾಳೆ. ನಮ್ಮ ಲೈಬ್ರರಿಯಲ್ಲಿ ಇದನ್ನು ಗಟ್ಟಿಯಾಗಿ ಓದಿದಾಗ ಹಿಂದಿನ ಸಾಲಿನಿಂದ ಯಾವುದಾದರೂ ಮಗು ‘ಕಂಸ!’ ಅಂತ ಕೂಗದೇ ಇರುವುದು ಕಡಿಮೆ. ಸೆರೆಮನೆ, ಎಂಟನೇ ಗರ್ಭ, ರಾತ್ರೋರಾತ್ರಿ ಗೋಕುಲ, ಅದಲು ಬದಲಾದ ಕೂಸು. ಆ ಕಥೆಯನ್ನು ನಾಲ್ಕು ವರ್ಷದ ಮಕ್ಕಳಿಗೂ ಹೇಳುತ್ತೇವೆ. ಕಂಸ ಕೂಸುಗಳನ್ನು ಕಲ್ಲಿಗೆ ಅಪ್ಪಳಿಸಿದ ಅನ್ನುವುದನ್ನೂ ಬಿಡದೆ ಹೇಳುತ್ತೇವೆ. ಯಾರೂ ಕೆಟ್ಟುಹೋಗಿಲ್ಲ. ಪುರಾಣದ ಹಿಂಸೆಯನ್ನು ಮಕ್ಕಳು ದೂರದಲ್ಲಿಟ್ಟೇ ನೋಡುತ್ತಾರೆ.

ಹಾಗಾದರೆ ಪರ್ಸಿ ಜಾಕ್ಸನ್ ಬರೆದ ರಿಕ್ ರಿಯೋರ್ಡನ್ ಈ ದೇವರುಗಳನ್ನು ಏನು ಮಾಡಿದ್ದಾರೆ? ಅವರು ಶಾಲಾ ಮೇಷ್ಟ್ರಾಗಿದ್ದವರು. ಮಗನಿಗೆ ಎಡಿಎಚ್‌ಡಿ (ಗಮನ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ), ಡಿಸ್ಲೆಕ್ಸಿಯಾ (ಓದು ಬರಹದ ತೊಡಕು) ಎರಡೂ ಇತ್ತು. ರಾತ್ರಿ ಮಲಗುವಾಗ ಅವನಿಗೆ ಗ್ರೀಕ್ ಕಥೆ ಹೇಳುತ್ತಿದ್ದರು. ಕಥೆ ಖಾಲಿಯಾದಾಗ ಹೊಸದೊಂದು ಕಟ್ಟಿದರು, ಅದೇ 2005ರಲ್ಲಿ ಮೊದಲ ಪುಸ್ತಕವಾಗಿ ಬಂತು. ಅದರಲ್ಲಿ ದೇವರುಗಳು ಈಗಿನ ನ್ಯೂಯಾರ್ಕಿನಲ್ಲಿದ್ದಾರೆ, ಎಂಪೈರ್ ಸ್ಟೇಟ್ ಕಟ್ಟಡದ 600ನೇ ಮಹಡಿಯಲ್ಲಿ. ಮನುಷ್ಯರ ಜೊತೆ ಮಕ್ಕಳನ್ನು ಪಡೆದು ಮರೆತೂ ಬಿಟ್ಟಿದ್ದಾರೆ. ಪರ್ಸಿ ಸಮುದ್ರದೇವ ಪೊಸೈಡನ್‌ನ ಮಗ, ಅಪ್ಪನ ಮುಖ ನೋಡದೆ ಬೆಳೆದವನು. ಮೂಲ ಕಥೆಯ ಹಾದರ, ಬಲಾತ್ಕಾರ ಎಲ್ಲ ಇಲ್ಲಿ ‘ಮನೆಗೆ ಬಾರದ ಅಪ್ಪ, ಅಮ್ಮ’ ಆಗಿ ಬದಲಾಗಿದೆ. ಈ ಪುಸ್ತಕದ ಬಗ್ಗೆ ಮಕ್ಕಳು ನನ್ನನ್ನು ‘ಜೀಯಸ್‌ಗೆ ಅಷ್ಟು ಜನ ಯಾಕೆ’ ಅಂತ ಕೇಳುವುದಕ್ಕಿಂತ ‘ಅಪ್ಪ ಒಂದ್ಸಲನಾದ್ರೂ ಬಂದು ಮಾತಾಡ್ಸಬಾರ್ದಿತ್ತಾ’ ಅಂತ ಕೇಳುವುದೇ ಜಾಸ್ತಿ.

ನಿಮ್ಮ ಮಗ ಮೊದಲು ಪುಸ್ತಕದಿಂದ ಓಡುತ್ತಿದ್ದ ಅಂದಿರಿ. ಅದಕ್ಕೂ ಒಂದು ಮಾತು. ಪರ್ಸಿಗೂ ಅಕ್ಷರ ತಲೆಕೆಳಗಾಗಿ ಕಾಣುತ್ತವೆ, ಒಂದು ಕಡೆ ಕೂರಲಾಗುವುದಿಲ್ಲ. ಅವನ ಮಿದುಳು ಪ್ರಾಚೀನ ಗ್ರೀಕ್ ಓದುವುದಕ್ಕೆ, ಚಡಪಡಿಕೆ ಯುದ್ಧಕ್ಕೆ ಅಂತ ಕಥೆ ಕಾರಣ ಕೊಡುತ್ತದೆ. ಓದಲು ಕಷ್ಟಪಡುವ ಮಕ್ಕಳಿಗೆ ಇದು ದೊಡ್ಡ ಧೈರ್ಯ. ಆದರೆ ಅದು ಕಥೆ. ಓದು ಈಗಲೂ ಅವನಿಗೆ ನಿಜವಾಗಿ ಕಷ್ಟ ಆಗುತ್ತಿದ್ದರೆ ಒಮ್ಮೆ ತಿಳಿದವರ ಹತ್ತಿರ ಪರೀಕ್ಷೆ ಮಾಡಿಸಿ. ‘ನಾನು ಅರೆದೇವ’ ಅಂತ ಸುಮ್ನೆ ಬಿಡುವಂಥದ್ದಲ್ಲ.

ಇನ್ನು ಪ್ರಾಜೆಕ್ಟಿನ ಜಗಳ. ಟೀಚರ್ ಹೇಳಿದ್ದೂ ಸರಿ, ಹುಡುಗ ಹೇಳಿದ್ದೂ ಸುಳ್ಳಲ್ಲ. ಅಥೀನಾ ಕನ್ಯಾದೇವತೆ, ಪುರಾಣದಲ್ಲಿ ಅವಳು ಹೆತ್ತ ಮಕ್ಕಳಿಲ್ಲ. ಅನಬೆತ್ ರಿಯೋರ್ಡನ್ ಕಟ್ಟಿದ ಪಾತ್ರ. ಅವರಿಗೂ ಈ ತೊಡಕು ಗೊತ್ತಿತ್ತು. ಹಾಗಾಗಿ ಅಥೀನಾ ಜೀಯಸ್‌ನ ತಲೆಯಿಂದ ಹುಟ್ಟಿದ ಹಾಗೆ ಅವಳ ಮಕ್ಕಳು ಅವಳ ಯೋಚನೆಯಿಂದ ಹುಟ್ಟುತ್ತಾರೆ ಅಂತ ಮಾಡಿದರು. ಬ್ರಹ್ಮನ ಮಾನಸಪುತ್ರರನ್ನು ಕೇಳಿ ಬೆಳೆದ ನಮಗೆ ಇದೇನೂ ವಿಚಿತ್ರವಲ್ಲ, ಅಲ್ವಾ?

ಇಲ್ಲಿ ಬಹಳ ಜನರ ತಲೆಯಲ್ಲಿರುವ ಒಂದು ತಪ್ಪು ಕಲ್ಪನೆ ತೆಗೆಯಬೇಕು. ‘ಅಸಲಿ ಗ್ರೀಕ್ ಪುರಾಣ’ ಅಂತ ಒಂದು ಪುಸ್ತಕ ಎಲ್ಲೋ ಇದೆ, ಮಕ್ಕಳ ಪುಸ್ತಕಗಳು ಅದನ್ನು ಕೆಡಿಸುತ್ತಿವೆ ಅಂತ. ಅಂಥ ಪುಸ್ತಕವೇ ಇಲ್ಲ. ಗ್ರೀಕರಿಗೆ ಒಂದೇ ಒಂದು ಧರ್ಮಗ್ರಂಥ ಇರಲಿಲ್ಲ. ಊರಿಗೊಂದು ಕಥೆ, ಕವಿಗೊಂದು ಕಥೆ. ಎಲ್ಲರಿಗೂ ಗೊತ್ತಿರುವ ಮೈಡಸ್ ರಾಜನನ್ನು ನೋಡಿ. ಮುಟ್ಟಿದ್ದೆಲ್ಲ ಚಿನ್ನ. ಕೊನೆಗೆ ಮುದ್ದಿನ ಮಗಳನ್ನು ಮುಟ್ಟಿದ, ಅವಳೂ ಚಿನ್ನದ ಗೊಂಬೆಯಾದಳು. ಕಥೆ ನೆನಪಿರುವುದೇ ಆ ಮಗಳಿಂದ. ಆದರೆ ರೋಮನ್ ಕವಿ ಓವಿಡ್ ಹೇಳುವ ಕಥೆಯಲ್ಲಿ ಮಗಳೇ ಇಲ್ಲ. ರೊಟ್ಟಿ, ದ್ರಾಕ್ಷಾರಸ ಚಿನ್ನವಾಗಿ ಹಸಿವಿನಿಂದ ಒದ್ದಾಡುತ್ತಾನೆ, ಅಷ್ಟೇ. ಮಗಳನ್ನು ಸೇರಿಸಿದ್ದು ಅಮೆರಿಕದ ನಥಾನಿಯಲ್ ಹಾಥಾರ್ನ್, ಮಕ್ಕಳಿಗಾಗಿ 1850ರ ದಶಕದ ಆರಂಭದಲ್ಲಿ ಬರೆದ ಕಥೆಯಲ್ಲಿ. ನಾವು ಪಠ್ಯದಲ್ಲಿ ಓದಿದ ‘ಪ್ರಾಚೀನ’ ಕಥೆಯ ಜೀವಾಳಕ್ಕೆ ಇನ್ನೂ ಇನ್ನೂರು ವರ್ಷ ಕೂಡ ಆಗಿಲ್ಲ.

ವೀರ ಅಕಿಲೀಸನಿಗೆ ಹಿಮ್ಮಡಿಯಲ್ಲಿ ಪೆಟ್ಟು ಬಿದ್ದರೆ ಮಾತ್ರ ಸಾವು ಅನ್ನುವ ಕಥೆಯೂ ಹಾಗೇ, ಹೋಮರನಲ್ಲಿ ಇಲ್ಲ. ಪರ್ಸೆಫನಿ ಎಂಬ ದೇವತೆ ಪಾತಾಳದಲ್ಲಿ ತಿಂದ ದಾಳಿಂಬೆ ಬೀಜ ಎಷ್ಟು ಅಂತ ಒಂದೊಂದು ಪುಸ್ತಕ ಒಂದೊಂದು ಲೆಕ್ಕ ಕೊಡುತ್ತದೆ. 1997ರ ಡಿಸ್ನಿ ‘ಹರ್ಕ್ಯುಲಿಸ್’ ಚಿತ್ರವಂತೂ ಜೀಯಸ್‌ನ ಹೆಂಡತಿ ಹೀರಾಳನ್ನು ಅವನ ಪ್ರೀತಿಯ ಅಮ್ಮನನ್ನಾಗಿ ಮಾಡಿತು. ಪುರಾಣದಲ್ಲಿ ಅವಳು ಅವನಿಗೆ ಹುಟ್ಟಿದಂದಿನಿಂದ ಕಾಟ ಕೊಟ್ಟ ಮಲತಾಯಿ. ಅದೇ ಚಿತ್ರದಲ್ಲಿ ಹೇಡೀಸ್ ಸೈತಾನನ ಹಾಗಿದ್ದಾನೆ. ಗ್ರೀಕರಿಗೆ ಅವನು ಸತ್ತವರ ಲೋಕದ ಒಡೆಯ, ಕಟ್ಟುನಿಟ್ಟಿನವನು, ಆದರೆ ಕೆಟ್ಟವನಲ್ಲ.

ಮೆಡ್ಯೂಸಾ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನಿಮ್ಮ ಮಗ ಬೇಗನೇ ಅವಳ ಬಗ್ಗೆ ಕೇಳುತ್ತಾನೆ. ತಲೆ ತುಂಬ ಹಾವು, ನೋಡಿದವರು ಕಲ್ಲು. ಕ್ರಿಸ್ತಪೂರ್ವ 700ರ ಆಸುಪಾಸಿನ ಹೆಸಿಯಡ್ ಅವಳನ್ನು ಗೋರ್ಗನ್ ಎಂಬ ಮೂವರು ರಾಕ್ಷಸ ಸೋದರಿಯರಲ್ಲಿ ಒಬ್ಬಳು ಅನ್ನುತ್ತಾನೆ. ಉಳಿದಿಬ್ಬರಿಗೆ ಸಾವಿಲ್ಲ, ಇವಳಿಗಿದೆ. ವಸಂತದ ಹೂಗಳ ಮಧ್ಯೆ ಪೊಸೈಡನ್ ಅವಳ ಜೊತೆ ಮಲಗಿದ, ಮುಂದೆ ವೀರ ಪರ್ಸಿಯಸ್ ಅವಳ ತಲೆ ಕಡಿದ. ಶಾಪವಿಲ್ಲ, ಶಿಕ್ಷೆಯಿಲ್ಲ. ಏಳು ಶತಮಾನ ಆದಮೇಲೆ ಓವಿಡ್ ಬರೆಯುವಾಗ ಅವಳು ಚೆಂದದ ಕೂದಲಿನ ಹುಡುಗಿ. ಸಮುದ್ರದೇವ ಅವಳನ್ನು ಮಿನರ್ವಾಳ (ಅಥೀನಾಳ ರೋಮನ್ ಹೆಸರು) ಗುಡಿಯಲ್ಲೇ ಬಲಾತ್ಕಾರ ಮಾಡುತ್ತಾನೆ. ದೇವಿ ಅವನಿಗೆ ಏನೂ ಮಾಡುವುದಿಲ್ಲ. ಹುಡುಗಿಯ ಕೂದಲನ್ನು ಹಾವು ಮಾಡುತ್ತಾಳೆ. ರಿಯೋರ್ಡನ್ ಪುಸ್ತಕದಲ್ಲಿ ಮೆಡ್ಯೂಸಾ ತೋಟಕ್ಕಿಡುವ ಕಲ್ಲುಗೊಂಬೆಗಳ ಅಂಗಡಿ ಇಟ್ಟುಕೊಂಡಿದ್ದಾಳೆ. ಗುಡಿಯಲ್ಲಿ ನಡೆದದ್ದು ಅಲ್ಲಿ ‘ಪ್ರೇಮಿಗಳ ಭೇಟಿ’ ಆಗಿದೆ. ಮಕ್ಕಳ ಪುಸ್ತಕಕ್ಕೆ ಅಷ್ಟು ಸಾಕು ಅಂತ ಅವರ ಲೆಕ್ಕ. 2023ರ ಕೊನೆಗೆ ಶುರುವಾದ ಡಿಸ್ನಿ ಪ್ಲಸ್ ಸರಣಿ ಅವಳ ಕಡೆಯ ಮಾತನ್ನು ಇನ್ನೂ ಸ್ವಲ್ಪ ಹೇಳಿಸಿತು.

ಆದರೆ ಹುಡುಗ ಒಂದು ದಿನ ಗೂಗಲ್ ಮಾಡುತ್ತಾನೆ, ಓವಿಡ್ ಸಿಗುತ್ತಾನೆ. ಆಗ ಮಾತು ಹಾರಿಸಬೇಡಿ. ‘ಹೌದು, ಅವಳ ಮೇಲೆ ಬಲವಂತ ಮಾಡಿದ್ದು ಅವನು, ಶಿಕ್ಷೆ ಆಗಿದ್ದು ಅವಳಿಗೆ’ ಅಂತ ಒಂದೇ ಮಾತಿನಲ್ಲಿ ಹೇಳಿ. ಜೊತೆಗೆ ಅಹಲ್ಯೆಯ ಕಥೆ ತೆಗೆಯಿರಿ. ಗೌತಮನ ವೇಷದಲ್ಲಿ ಬಂದ ಇಂದ್ರ ಮತ್ತೆ ಸ್ವರ್ಗಕ್ಕೆ ಹೋದ, ಅವಳು ಎಷ್ಟೋ ಕಾಲ ಕಲ್ಲಾಗಿ ಬಿದ್ದಿದ್ದಳು. ವಾಲ್ಮೀಕಿಯಲ್ಲಿ ಅವಳು ಕಲ್ಲಾಗುವುದೂ ಇಲ್ಲ, ಬೂದಿಯಲ್ಲಿ ಯಾರ ಕಣ್ಣಿಗೂ ಬೀಳದೆ ಇರುತ್ತಾಳೆ. ಕಲ್ಲಾಗಿದ್ದು ಆಮೇಲೆ ಹೇಳಿದವರಲ್ಲಿ. ಪಂಪ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿ ಮಾಡಿದನಲ್ಲ, ಅದೂ ಇದೇ ಸಾಲಿನದು. ಹೇಳುವವನು ಯಾರು, ಯಾರಿಗೆ ಹೇಳುತ್ತಿದ್ದಾನೆ ಅನ್ನುವುದರ ಮೇಲೆ ಕಥೆ ತಿರುಗುತ್ತದೆ. ಈ ವಯಸ್ಸಿನ ಹುಡುಗನಿಗೆ ಇದು ಅರ್ಥವಾಗುತ್ತದೆ. ನಿಜ ಹೇಳಬೇಕೆಂದರೆ ದೊಡ್ಡವರಿಗಿಂತ ಬೇಗ ಆಗುತ್ತದೆ.

ರೋಮನ್ ದೇವರುಗಳ ವಿಷಯಕ್ಕೂ ಒಂದು ಎಚ್ಚರಿಕೆ. ಜೀಯಸ್ ಅಂದರೆ ಜುಪಿಟರ್, ಅಥೀನಾ ಅಂದರೆ ಮಿನರ್ವಾ ಅಂತ ಬರೀ ಹೆಸರಿನ ಪಟ್ಟಿ ಕಲಿತರೆ ಅರ್ಧ ಮಾತ್ರ. ರೋಮನ್ನರಿಗೆ ಮೊದಲೇ ಅವರದೇ ದೇವರುಗಳಿದ್ದರು. ಗ್ರೀಕ್ ಕಥೆಗಳು ಅವರ ಮೇಲೆ ಬಂದು ಕೂತವು. ಗ್ರೀಕರಿಗೆ ಯುದ್ಧದೇವ ಏರೀಸ್ ರಕ್ತ ಕಂಡರೆ ಕುಣಿಯುವ ಮುಂಗೋಪಿ. ಅವನಿಗೆ ಸಮನಾದ ರೋಮಿನ ಮಾರ್ಸ್ ನಗರ ಕಟ್ಟಿದ ರೋಮ್ಯುಲಸ್‌ನ ಅಪ್ಪ, ಬೆಳೆ ಕಾಯುವವನೂ ಹೌದು, ದೊಡ್ಡ ಗೌರವ. ಈ ವ್ಯತ್ಯಾಸವನ್ನು ರಿಯೋರ್ಡನ್ 2010ರಲ್ಲಿ ಶುರುವಾದ ಎರಡನೇ ಸರಣಿಯಲ್ಲಿ ಚೆನ್ನಾಗಿ ಬಳಸಿದ್ದಾರೆ. ಆದರೆ ರೋಮನ್ನರು ಮಿನರ್ವಾಳನ್ನು ಮೂಲೆಗೆ ತಳ್ಳಿದರು ಅನ್ನುವ ಹಾಗೆ ಬರೆದದ್ದು ಕಥೆಯ ಅನುಕೂಲಕ್ಕೆ. ರೋಮಿನ ಮುಖ್ಯ ದೇವಾಲಯದಲ್ಲಿ ಜುಪಿಟರ್, ಅವನ ಹೆಂಡತಿ ಜುನೋ ಜೊತೆ ಕೂತಿದ್ದ ಮೂರನೆಯವಳು ಅವಳೇ. ಮುಂದಿನ ಪ್ರಾಜೆಕ್ಟಿನಲ್ಲಿ ಹುಡುಗ ಇದನ್ನೂ ಬರೆದು ತಪ್ಪು ಹಾಕಿಸಿಕೊಳ್ಳುವ ಮೊದಲೇ ಹೇಳಿಬಿಡಿ.

ಅತ್ತೆಯವರ ಬೇಸರಕ್ಕೆ ಬರೋಣ. ಅದನ್ನು ನಾನು ತಳ್ಳಿಹಾಕುವುದಿಲ್ಲ. ಇದಕ್ಕೂ ಒಂದು ಹಳೆಯ ಸಾಕ್ಷಿ ಇದೆ. 1967ರಲ್ಲಿ ದೆಹಲಿಯಲ್ಲಿ ಟಿವಿ ಕ್ವಿಜ್ ಒಂದನ್ನು ನೋಡುತ್ತಿದ್ದಾಗ ಗ್ರೀಕ್ ಪುರಾಣದ ಪ್ರಶ್ನೆಗೆ ಉತ್ತರ ಹೇಳಿದ ಮಕ್ಕಳಿಗೆ ರಾಮನ ತಾಯಿ ಯಾರು ಅಂತ ಗೊತ್ತಾಗಲಿಲ್ಲ ಎಂದು ಅನಂತ ಪೈ ಹೇಳುತ್ತಿದ್ದರು. ಅಮರ ಚಿತ್ರಕಥೆಯ ಅನಂತ ಪೈ, ನಮ್ಮ ಕಾರ್ಕಳದಲ್ಲಿ ಹುಟ್ಟಿದವರು. ಅವರು ಮಾಡಿದ್ದನ್ನು ಗಮನಿಸಿ. ಗ್ರೀಕ್ ಪುಸ್ತಕ ಕಿತ್ತುಕೊಳ್ಳಿ ಅನ್ನಲಿಲ್ಲ. ಅಷ್ಟೇ ರುಚಿಯಾಗಿ ಕೃಷ್ಣನ ಕಥೆ ಕೊಟ್ಟರು.

ಮನೆಯಲ್ಲಿ ನಾನು ನೋಡುವ ದೊಡ್ಡ ತಪ್ಪು ಅಂದರೆ ಮಹಾಭಾರತವನ್ನು ದಂಡದ ಹಾಗೆ ಓದಿಸುವುದು. ‘ಅದನ್ನು ಒಂದು ಗಂಟೆ ಓದಿದ್ರೆ ಇದನ್ನು ಒಂದು ಗಂಟೆ ಓದ್ಬೇಕು’ ಅಂತ. ಆಮೇಲೆ ಆ ಪುಸ್ತಕವನ್ನು ಅವನು ಜನ್ಮದಲ್ಲಿ ಮುಟ್ಟುವುದಿಲ್ಲ. ಅದರ ಬದಲು ಅತ್ತೆಯವರೇ ಕೇಳಲಿ: ‘ನಿನ್ನ ಜೀಯಸ್ ಕಥೆ ಹೇಳೋ ನೋಡೋಣ.’ ಅವನು ಹೇಳಿ ಮುಗಿಸಿದ ಮೇಲೆ ಇಂದ್ರನ ಕಥೆ ಅವರು ಹೇಳಲಿ. ಇಬ್ಬರಿಗೂ ಸಿಡಿಲಿನ ಆಯುಧ, ಇಬ್ಬರಿಗೂ ಸಿಂಹಾಸನದ ಚಿಂತೆ, ಇಬ್ಬರಿಗೂ ಹೆಂಗಸರ ವಿಷಯದಲ್ಲಿ ಸಂಯಮ ಕಡಿಮೆ. ಆದರೆ ಜೀಯಸ್ ಪಟ್ಟ ಬಿಡುವುದಿಲ್ಲ, ನಮ್ಮ ಇಂದ್ರ ಪದೇ ಪದೇ ಕಳೆದುಕೊಂಡು ವಿಷ್ಣುವಿನ ಹತ್ತಿರ ಓಡುತ್ತಾನೆ. ಯಕ್ಷಗಾನದಲ್ಲಿ ಮಹಿಷಾಸುರ ಬಂದು ದೇವೇಂದ್ರನನ್ನು ಓಡಿಸುವಾಗ ನಾವೇನು ಅಳುತ್ತೇವಾ?

ಗ್ರೀಕ್ ಕಥೆ ಕನ್ನಡಕ್ಕೆ ಪರಕೀಯವೂ ಅಲ್ಲ. ಗ್ರೀಕ್ ನಾಟಕಕಾರ ಸೋಫೋಕ್ಲಿಸನ ‘ಏಜಾಕ್ಸ್’ ನಾಟಕವನ್ನು ಇಟ್ಟುಕೊಂಡು ಬಿ.ಎಂ.ಶ್ರೀ ‘ಅಶ್ವತ್ಥಾಮನ್’ ಬರೆದರು. ಲಂಕೇಶ್ ಅದೇ ಸೋಫೋಕ್ಲಿಸನ ನಾಟಕದ ರಾಜ ಈಡಿಪಸ್‌ನನ್ನು ಕನ್ನಡದಲ್ಲಿ ಮಾತಾಡಿಸಿದರು.

ರಿಯೋರ್ಡನ್ ರುಚಿಯಲ್ಲೇ ಪಾಂಡವರು ಬೇಕು ಅಂದರೆ ‘ಅರು ಶಾ’ ಸರಣಿ ಇದೆ. ರೋಶನಿ ಚೋಕ್ಷಿ ಬರೆದದ್ದು, 2018ರಿಂದ, ರಿಯೋರ್ಡನ್ ಹೆಸರಿನ ಪ್ರಕಟಣೆಯಲ್ಲೇ. ಅಟ್ಲಾಂಟಾದ 12 ವರ್ಷದ ಹುಡುಗಿ ಪಾಂಡವರಲ್ಲೊಬ್ಬರ ಮರುಹುಟ್ಟು. ಕೊಡುವ ಮೊದಲು ಒಂದು ವಿಷಯ ಗಮನದಲ್ಲಿರಲಿ. ಅಥೀನಾಗೆ ಮಗಳು ಹುಟ್ಟಿದಾಗ ನಮಗೇನೂ ಅನ್ನಿಸುವುದಿಲ್ಲ. ಪಾಂಡವರು ಸ್ನೀಕರ್ ಹಾಕಿದ ಹುಡುಗಿಯರಾದಾಗ ಮನೆಯಲ್ಲಿ ಯಾರಿಗಾದರೂ ಕಸಿವಿಸಿ ಆಗಬಹುದು. ನಾವು ದಿನಾ ಕೈ ಮುಗಿಯುವ ದೇವರು ಎಂಬುದೇ ಆ ವ್ಯತ್ಯಾಸ. ಅದನ್ನು ಅವನ ಹತ್ತಿರ ಬಾಯಿಬಿಟ್ಟೇ ಮಾತಾಡಬಹುದು.

ಹಾಗಾದರೆ ಮುಂದೆ ಏನು ಕೊಡುವುದು? ಪರ್ಸಿ ಸರಣಿಯ ಮೊದಲ ಐದು ಪುಸ್ತಕ ಅವನ ವಯಸ್ಸಿನದೇ, ಓದಲಿ. ಮುಂದಿನ ಸರಣಿಗಳಲ್ಲಿ ಪಾತ್ರಗಳೂ ದೊಡ್ಡದಾಗುತ್ತವೆ, ಪ್ರೇಮ ಬರುತ್ತದೆ, ಹುಡುಗನನ್ನು ಇಷ್ಟಪಡುವ ಹುಡುಗನೂ ಬರುತ್ತಾನೆ. ಎಲ್ಲ ಹದವಾಗಿಯೇ ಇದೆ, ಪ್ರಶ್ನೆ ಬಂದರೆ ಉತ್ತರ ಕೊಡಲು ಸಿದ್ಧರಾಗಿರಿ. ಜೊತೆಗೆ ನೇರವಾಗಿ ಪುರಾಣ ಹೇಳುವ ಒಂದು ಪುಸ್ತಕ ಮನೆಯಲ್ಲಿರಲಿ. ನನ್ನ ಆಯ್ಕೆ ಡೊಲೇರ್ ದಂಪತಿಗಳ 1962ರ ಚಿತ್ರಪುಸ್ತಕ. ಹಳೆಯದಾದರೂ ಅದನ್ನು ಮೀರಿಸಿದ್ದು ನನಗೆ ಕಂಡಿಲ್ಲ. ಜೀಯಸ್‌ನ ಚಪಲವನ್ನು ಅದು ‘ತುಂಬಾ ಹೆಂಡತಿಯರು’ ಅಂತ ಮುಗಿಸುತ್ತದೆ, ಅಷ್ಟು ನುಣುಪು ಮಾಡಿದ್ದು ಕೆಲವರಿಗೆ ಇಷ್ಟವಾಗುವುದಿಲ್ಲ. ಕಾಮಿಕ್ಸ್ ಇಷ್ಟ ಅಂದರೆ ಜಾರ್ಜ್ ಓಕಾನರ್ ಅವರ ‘ಒಲಿಂಪಿಯನ್ಸ್’ ಹನ್ನೆರಡು ಸಂಪುಟ. ದೇವರಿಗೊಂದು ಪುಸ್ತಕ. ಬೆಲೆ ಜಾಸ್ತಿ, ಲೈಬ್ರರಿಯಲ್ಲಿ ಕೇಳಿ.

ಹದಿನಾಲ್ಕರ ಹೊತ್ತಿಗೆ ಸ್ಟೀಫನ್ ಫ್ರೈ ಅವರ ‘ಮಿಥೋಸ್’ ಕೊಡಬಹುದು. ಅದು ದೊಡ್ಡವರಿಗೆ ಬರೆದದ್ದು, ಪೋಲಿ ಜೋಕುಗಳಿವೆ, ಆದರೆ ಕ್ರೌರ್ಯವನ್ನು ಎಳೆದು ವರ್ಣಿಸುವುದಿಲ್ಲ. ಮಿಲ್ಲರ್ ಅವರ ಎರಡೂ ಕಾದಂಬರಿ, ಮೆಡ್ಯೂಸಾ ಕಡೆಯಿಂದ ಬರೆದ ಹೊಸ ಕಾದಂಬರಿಗಳು, ಟ್ರೋಜನ್ ಯುದ್ಧದ ಹೆಂಗಸರ ಕಥೆಗಳು ಎಲ್ಲ ಪಿಯುಸಿ ಹೊತ್ತಿಗೆ ಸಾಕು. ‘ಲೋರ್ ಒಲಿಂಪಸ್’ ಎಂಬ ಗುಲಾಬಿ ಬಣ್ಣದ ಕಾಮಿಕ್ ಕಂಡರೆ ಮೋಸಹೋಗಬೇಡಿ. ನೋಡಲು ಮಕ್ಕಳದ್ದು, ಒಳಗೆ ಲೈಂಗಿಕ ದೌರ್ಜನ್ಯದ ಎಳೆ ಉದ್ದಕ್ಕೂ ಇದೆ. ಫೋನಿನಲ್ಲೇ ಓದಲು ಸಿಕ್ಕಿಬಿಡುವುದರಿಂದ ಇದರ ಮೇಲೆ ಮಾತ್ರ ಕಣ್ಣಿಡಿ ಅನ್ನುತ್ತೇನೆ.

‘ಸರ್ಸಿ’ಯನ್ನು ಬಚ್ಚಿಡಬೇಡಿ. ಬಚ್ಚಿಟ್ಟ ಪುಸ್ತಕ ಹುಡುಕಿ ಓದುವುದು ಈ ವಯಸ್ಸಿನವರ ಹಕ್ಕು ಅಂದುಕೊಂಡಿರುತ್ತಾರೆ. ‘ಇದು ದೊಡ್ಡವರಿಗೆ ಬರೆದದ್ದು, ನಾನು ಮೊದಲು ಓದುತ್ತೇನೆ’ ಅಂತ ಹೇಳಿ, ನೀವೇ ಓದಲು ಶುರುಮಾಡಿ. ನಿಮಗೂ ಹಿಡಿಸೀತು.

ಪ್ರಾಜೆಕ್ಟ್ ವಾಪಸ್ ಕೊಡಲು ಇನ್ನೂ ಅವಕಾಶ ಇದ್ದರೆ ಆ ಸಾಲನ್ನು ಅಳಿಸುವುದು ಬೇಡ. ‘ರಿಕ್ ರಿಯೋರ್ಡನ್ ಕಾದಂಬರಿಯಲ್ಲಿ ಅಥೀನಾಗೆ ಅನಬೆತ್ ಎಂಬ ಮಗಳಿದ್ದಾಳೆ, ಹಳೆಯ ಗ್ರೀಕ್ ಕಥೆಗಳಲ್ಲಿ ಇಲ್ಲ’ ಅಂತ ತಿದ್ದಿ ಬರೆಯಲಿ. ಮೈಡಸ್‌ನ ಮಗಳನ್ನೂ ಸೇರಿಸಿದರೆ ಟೀಚರ್‌ಗೂ ಒಂದು ಹೊಸ ವಿಷಯ ಸಿಗಬಹುದು.